ವಸಾಹತಿನ ಹುಟ್ಟುಹಬ್ಬಕ್ಕೆ ರಜೆ ಇಲ್ಲದ ಊರು

1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿಯಿತು, ಅದರ ಪ್ರಾಂತ್ಯಗಳೆಲ್ಲ ನೇರವಾಗಿ ರಾಣಿಯ ಸರ್ಕಾರದ ಕೈಗೆ ಹೋದವು. ಆಗಿನ ಕೆನರಾ ಜಿಲ್ಲೆಯ ಹೊನ್ನಾವರ ಸೀಮೆಯಲ್ಲಿದ್ದ ಕರ್ಕಿಯೂ ಅಂದು ಸದ್ದಿಲ್ಲದೆ ಒಡೆಯರನ್ನು ಬದಲಾಯಿಸಿತು. ಅದೇ ದಿನ ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ನ್ಯೂಜಿಲೆಂಡಿನ ಹಾಕ್ಸ್ ಬೇ ಎಂಬ ಕರಾವಳಿ ಸೀಮೆ ವೆಲಿಂಗ್ಟನ್ ಪ್ರಾಂತ್ಯದಿಂದ ಬಿಡಿಸಿಕೊಂಡು ತಾನೇ ಒಂದು ಪ್ರಾಂತ್ಯವಾಯಿತು. ಸರಿಯಾಗಿ ಒಂದು ವರ್ಷದ ಮೇಲೆ, 1859ರ ನವೆಂಬರ್ 1ರಂದು, ಮಾರ್ಲ್‌ಬರೋ ಎಂಬ ಇನ್ನೊಂದು ಸೀಮೆ ನೆಲ್ಸನ್ ಪ್ರಾಂತ್ಯದಿಂದ ಕಳಚಿಕೊಂಡಿತು. ಆ ಎರಡೂ ಸೀಮೆಗಳಲ್ಲಿ ಅವುಗಳ ಹುಟ್ಟಿನ ಹೆಸರಿನಲ್ಲಿ ಇಂದಿಗೂ ಸಾರ್ವಜನಿಕ ರಜೆ ಇದೆ. ನಮಗೂ ನವೆಂಬರ್ 1ಕ್ಕೆ ರಜೆ ಇದೆ. ಆದರೆ ಅದು 1858ರದ್ದಲ್ಲ, 1956ರದ್ದು.

ಕ್ಯಾಲೆಂಡರಿನ ಈ ಕಾಕತಾಳೀಯವನ್ನು ಇಟ್ಟುಕೊಂಡು ದೊಡ್ಡ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೂ ಒಂದು ಪ್ರಶ್ನೆ ಕೇಳಬಹುದು. ಒಂದೇ ಸಾಮ್ರಾಜ್ಯದ ಎರಡು ಅಂಚುಗಳಲ್ಲಿ ಒಂದು ಕಡೆ ವಸಾಹತು ಹುಟ್ಟಿದ ದಿನಕ್ಕೆ ಶಾಲೆ, ಬ್ಯಾಂಕು ಮುಚ್ಚುತ್ತವೆ. ಇನ್ನೊಂದು ಕಡೆ ಅದೇ ಬಗೆಯ ದಿನಗಳು ಬೇಕಾದಷ್ಟಿದ್ದರೂ ಒಂದಕ್ಕೂ ರಜೆ ಇಲ್ಲ, ನೆನಪೂ ಇಲ್ಲ. ಯಾಕೆ ಹೀಗೆ?

ಕರ್ಕಿಯಲ್ಲಿ ನಿಂತು ಇದನ್ನು ಕೇಳುವುದಕ್ಕೆ ಕಾರಣವಿದೆ. ಹೊನ್ನಾವರ ದಾಟಿ ಹೆದ್ದಾರಿ 66ರಲ್ಲಿ ಕುಮಟಾ ಕಡೆ ಹೊರಟರೆ ಹಳದೀಪುರಕ್ಕೆ ಮೊದಲು ಸಿಗುವ ಊರು ಇದು. ದೈವಜ್ಞ ಬ್ರಾಹ್ಮಣರ ಮಠ ಇಲ್ಲಿದೆ. ಯಕ್ಷಗಾನ ಬಲ್ಲವರಿಗೆ ಕರ್ಕಿ ಎಂದರೆ ಹಾಸ್ಯಗಾರ ಮನೆತನ, ಕರ್ಕಿ ಮೇಳ. ಈ ಊರಿನಿಂದ ಹೊನ್ನಾವರದ ಅಳಿವೆ ದೂರವಿಲ್ಲ, ಭಟ್ಕಳ, ಮಿರ್ಜಾನ, ಕಾರವಾರ ಕೂಡ ಒಂದು ದಿನದ ತಿರುಗಾಟದೊಳಗೇ. ಈ ಅಳತೆಯೊಳಗೆ ಎಷ್ಟು ವಸಾಹತುಗಳು ಹುಟ್ಟಿವೆ ಅಥವಾ ಹುಟ್ಟಲು ಹೋಗಿ ಸತ್ತಿವೆ ಎಂದು ಲೆಕ್ಕ ಹಾಕಿದರೆ, ನ್ಯೂಜಿಲೆಂಡಿನವರ ಪದ್ಧತಿ ನಮಗಿದ್ದಿದ್ದರೆ ಉತ್ತರ ಕನ್ನಡದ ಶಾಲೆಗಳು ತಿಂಗಳಿಗೊಮ್ಮೆ ಬಾಗಿಲು ಹಾಕಬೇಕಾಗುತ್ತಿತ್ತು!

ಪ್ರಾಂತ್ಯ ಸತ್ತರೂ ರಜೆ ಸಾಯಲಿಲ್ಲ

ಮೊದಲು ಆ ಪದ್ಧತಿ ಏನೆಂದು ನೋಡೋಣ. ನ್ಯೂಜಿಲೆಂಡಿನಲ್ಲಿ ದೇಶಕ್ಕೆಲ್ಲ ಒಂದೇ ಆದ ರಜೆಗಳ ಜೊತೆಗೆ, ಪ್ರತಿ ಸೀಮೆಗೂ ಅದರದೇ ಒಂದು ವಾರ್ಷಿಕೋತ್ಸವದ ರಜೆ ಇದೆ. 1840ರ ಜನವರಿ 22ರಂದು ವಲಸಿಗರನ್ನು ಹೊತ್ತ ಅರೋರಾ ಹಡಗು ಬಂದು ತಲುಪಿದ್ದರ ನೆನಪು ವೆಲಿಂಗ್ಟನ್ನಿನದು. 1848ರ ಮಾರ್ಚ್ 23ರಂದು ಜಾನ್ ವಿಕ್ಲಿಫ್ ಹಡಗಿನಲ್ಲಿ ಬಂದ ಸ್ಕಾಟ್ಲೆಂಡಿನ ಸ್ವತಂತ್ರ ಚರ್ಚಿನ ಯೋಜನೆಯವರ ನೆನಪು ಒಟಾಗೋದ್ದು. 1850ರ ಡಿಸೆಂಬರ್ 16ರಂದು ಷಾರ್ಲೆಟ್ ಜೇನ್ ಹಡಗು ಲಂಗರು ಹಾಕಿದ್ದು ಕ್ಯಾಂಟರ್ಬರಿಯ ಹುಟ್ಟುಹಬ್ಬ. ಒಟ್ಟಿನಲ್ಲಿ ಹೆಚ್ಚಿನವು ಹಡಗು ಬಂದ ದಿನಗಳು. ಹಾಕ್ಸ್ ಬೇ ಮತ್ತು ಮಾರ್ಲ್‌ಬರೋ ಅಂಥವು ಹಡಗಿನಿಂದ ಹುಟ್ಟಿದವಲ್ಲ, ಹಿಸ್ಸೆಯಿಂದ ಹುಟ್ಟಿದವು.

ಆಕ್ಲೆಂಡಿನದು ಎಲ್ಲಕ್ಕಿಂತ ಸ್ವಾರಸ್ಯದ ಪ್ರಕರಣ. ಅಲ್ಲಿ ಜನವರಿ 29ರ ನೆನಪಿಗೆ ರಜೆ. 1840ರ ಆ ದಿನ ಕ್ಯಾಪ್ಟನ್ ವಿಲಿಯಂ ಹಾಬ್ಸನ್ ಲೆಫ್ಟಿನೆಂಟ್ ಗವರ್ನರನಾಗಿ ಬಂದು ತಲುಪಿದ್ದೇನೋ ನಿಜ, ಆದರೆ ಆಕ್ಲೆಂಡಿಗಲ್ಲ. ಬಹಳ ಉತ್ತರಕ್ಕಿರುವ ಬೇ ಆಫ್ ಐಲೆಂಡ್ಸ್‌ಗೆ. ಆಕ್ಲೆಂಡಿನಲ್ಲಿ ಬ್ರಿಟಿಷ್ ಧ್ವಜ ಏರಿದ್ದು ಅದೇ ವರ್ಷ ಸೆಪ್ಟೆಂಬರ್ 18ಕ್ಕೆ. ಮರುವರ್ಷ ಹಾಬ್ಸನ್ ಒಂದು ಆದೇಶ ಹೊರಡಿಸಿ, ವಸಾಹತು ಸ್ಥಾಪನೆಯ ನೆನಪಿಗಾಗಿ 1842ರ ಜನವರಿ 29ನ್ನು ರಜಾದಿನ ಎಂದು ಸಾರಿದ. ಅಂದರೆ ತಾನು ಬಂದು ಇಳಿದ ದಿನವನ್ನೇ ದೇಶದ ಹುಟ್ಟುಹಬ್ಬ ಮಾಡಿದ. ವೆಲಿಂಗ್ಟನ್ನಿನವರಿಗೆ ಇದು ರುಚಿಸಲಿಲ್ಲ. ತಮ್ಮ ಹಡಗು ಒಂದು ವಾರ ಮೊದಲೇ ಬಂದಿತ್ತಲ್ಲ! ಅವರು ತಮ್ಮ ಜನವರಿ 22ನ್ನೇ ಹಿಡಿದುಕೊಂಡರು. ಸೀಮೆಗೊಂದು ರಜೆಯ ಪದ್ಧತಿ ಬೇರೂರಿದ್ದು ಇಂಥ ಹಟಗಳಿಂದ.

1852ರ ಕಾಯ್ದೆಯಿಂದ ಹುಟ್ಟಿದ ಈ ಪ್ರಾಂತ್ಯಗಳು 1876ರಲ್ಲಿ ರದ್ದಾದವು. ಇಂದು ಅವಕ್ಕೆ ಶಾಸನಸಭೆ ಇಲ್ಲ, ಬೊಕ್ಕಸ ಇಲ್ಲ. ಉಳಿದದ್ದು ರಜೆ ಒಂದೇ. ಅದೂ ಸ್ವಂತ ತಾರೀಖಿನಲ್ಲಿ ಉಳಿದಿಲ್ಲ. ಹೆಚ್ಚಿನ ಕಡೆ ಹತ್ತಿರದ ಸೋಮವಾರಕ್ಕೆ ಸರಿಸಿ ಮೂರು ದಿನದ ವಾರಾಂತ್ಯ ಮಾಡಿಕೊಂಡಿದ್ದಾರೆ. ಹಾಕ್ಸ್ ಬೇ ತನ್ನ ನವೆಂಬರ್ 1ನ್ನು ಅಕ್ಟೋಬರಿನ ಕಾರ್ಮಿಕ ದಿನದ ಹಿಂದಿನ ಶುಕ್ರವಾರಕ್ಕೆ ಒಯ್ದು ಅಂಟಿಸಿದೆ. ಸೌತ್‌ಲ್ಯಾಂಡ್ ತನ್ನದನ್ನು ಈಸ್ಟರಿನ ಮಂಗಳವಾರಕ್ಕೆ ಹಚ್ಚಿಕೊಂಡಿದೆ. ಕ್ರೈಸ್ಟ್‌ಚರ್ಚಿನಲ್ಲಿ ಡಿಸೆಂಬರಿನ ಹಡಗಿನ ನೆನಪು ನವೆಂಬರಿನ ಕೃಷಿ ಮೇಳದ ದಿನದಲ್ಲಿ ಕರಗಿ ಹೋಗಿದೆ. ಆಕ್ಲೆಂಡಿನಲ್ಲಿ ಅಂದು ಬಂದರಿನಲ್ಲಿ ಹಾಯಿದೋಣಿಗಳ ಸ್ಪರ್ಧೆ ನಡೆಯುತ್ತದೆ, ಉಳಿದವರು ಸಮುದ್ರ ದಂಡೆಗೆ ಹೋಗುತ್ತಾರೆ. ಹಾಬ್ಸನ್ ಯಾರು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮ ಹೊನ್ನಾವರ, ಕುಮಟಾ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರಿಗೂ ಅದು ಬೇಸಿಗೆಯ ಒಂದು ಉದ್ದನೆಯ ವಾರಾಂತ್ಯ, ಅಷ್ಟೇ.

ಎಲ್ಲ ಕಡೆ ಇಷ್ಟು ಸಲೀಸಾಗಿ ಮರೆತುಹೋಗಿಲ್ಲ. ಆಸ್ಟ್ರೇಲಿಯಾದ ಜನವರಿ 26 ಅಂಥದ್ದು. 1788ರಲ್ಲಿ ಆರ್ಥರ್ ಫಿಲಿಪ್ ಸಿಡ್ನಿ ಕೋವ್‌ನಲ್ಲಿ ಕೈದಿಗಳ ವಸಾಹತು ಶುರುಮಾಡಿದ ದಿನ ಅದು. 1818ರಲ್ಲಿ, ಮೂವತ್ತನೇ ವರ್ಷಕ್ಕೆ, ಗವರ್ನರ್ ಮಕ್ವಾರಿ ಮೂವತ್ತು ತೋಪು ಹಾರಿಸಿ ಅದನ್ನು ರಜೆ ಮಾಡಿದ. ನೂರೈವತ್ತನೇ ವರ್ಷದ ಸಂಭ್ರಮ ನಡೆದ 1938ರಲ್ಲಿ ಅಲ್ಲಿನ ಮೂಲನಿವಾಸಿ ನಾಯಕರು ಸಿಡ್ನಿಯಲ್ಲೇ ಸೇರಿ ಅದನ್ನು ಶೋಕದ ದಿನ ಎಂದು ಆಚರಿಸಿದರು. ಆ ಜಗಳ ಇಂದಿಗೂ ಮುಗಿದಿಲ್ಲ, ಪ್ರತಿ ಜನವರಿಯಲ್ಲಿ ಹೊಸದಾಗಿ ಏಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾ 1829ರ ಸ್ವಾನ್ ನದಿ ವಸಾಹತಿನ ಸ್ಥಾಪನಾ ದಿನಕ್ಕೆ ಜೂನ್ ಮೊದಲ ಸೋಮವಾರ ರಜೆ ಕೊಡುತ್ತದೆ. 2012ರಲ್ಲಿ 'ಸ್ಥಾಪನೆ' ಎಂಬ ಮಾತನ್ನು ಕಿತ್ತು ಹಾಕಿ ಬರೀ ಪಶ್ಚಿಮ ಆಸ್ಟ್ರೇಲಿಯಾ ದಿನ ಎಂದು ಹೆಸರಿಟ್ಟಿತು. ರಜೆ ಬೇಕು, ಮುಜುಗರ ಬೇಡ. ನ್ಯೂಜಿಲೆಂಡ್ 2022ರಿಂದ ಮಾವೋರಿಗಳ ಹೊಸ ವರ್ಷಕ್ಕೂ ರಾಷ್ಟ್ರೀಯ ರಜೆ ಕೊಟ್ಟಿದೆ. ಚಳಿಗಾಲದಲ್ಲಿ ಮತಾರಿಕಿ ನಕ್ಷತ್ರಪುಂಜ ಮತ್ತೆ ಕಾಣಿಸುವ ಹೊತ್ತಿನ ಹಬ್ಬ ಅದು. ಅವರ ಮತಾರಿಕಿ ನಮ್ಮ ಕೃತ್ತಿಕೆಯೇ.

ಹೊನ್ನಾವರದ ತಿಮೋಜ, ಗೋವೆಯ ಹುಟ್ಟು

ಈಗ ನಮ್ಮ ದಂಡೆಗೆ ಬರೋಣ. 1505ರ ಸೆಪ್ಟೆಂಬರಿನಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗಿದ. ಮುಂದಿನ ತಿಂಗಳು ಹೊನ್ನಾವರದ ಅಳಿವೆಗೆ ನುಗ್ಗಿ ಹಡಗುಗಳಿಗೆ ಬೆಂಕಿ ಇಟ್ಟ. ಆಗ ಹೊನ್ನಾವರದಲ್ಲಿ ಸಮುದ್ರದ ಮೇಲೆ ಹಿಡಿತ ಇದ್ದವನು ತಿಮೋಜ ಎಂದು ಪೋರ್ಚುಗೀಸ್ ದಾಖಲೆಗಳು ಕರೆಯುವ ನಾಯಕ. ವಿಜಯನಗರದ ಕಡೆಯವನು, ಕಡಲುಗಳ್ಳ ಎಂದೂ ಹೆಸರು. ಮೊದಲು ಜಗಳ ಆಡಿದವನು ಆಮೇಲೆ ಸ್ನೇಹ ಬೆಳೆಸಿದ.

1510ರ ಆರಂಭದಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಕೆಂಪು ಸಮುದ್ರದ ಕಡೆಗೆ ಹಡಗು ತಿರುಗಿಸಿದ್ದ. ದಾರಿಯಲ್ಲಿ ತಿಮೋಜ ಸಿಕ್ಕು, ಬಿಜಾಪುರದವರ ಕೈಯಲ್ಲಿದ್ದ ಗೋವೆಯಲ್ಲಿ ಈಗ ಕಾವಲು ಸಡಿಲವಾಗಿದೆ, ಹಿಡಿಯುವುದಾದರೆ ಇದೇ ಸಮಯ ಎಂದ. ಅಲ್ಬುಕರ್ಕನ ಯೋಜನೆ ಅಲ್ಲಿಗೆ ಬದಲಾಯಿತು. ತಿಮೋಜನ ಕಡೆಯವರು ಕಾಳಿ ನದಿಯ ಮುಖದಲ್ಲಿದ್ದ ಚಿತ್ತಾಕುಲದ ಕೋಟೆಯ ಮೇಲೆ ಬಿದ್ದರು. ಗೋವೆ ಸಿಕ್ಕಿತು, ಮಳೆಗಾಲಕ್ಕೆ ಮೊದಲೇ ಕೈತಪ್ಪಿತು. ನವೆಂಬರ್ 25ರಂದು ಮತ್ತೆ ಸಿಕ್ಕಿತು, ಈ ಸಲ 451 ವರ್ಷಗಳಿಗೆ. ಅಂದು ಸಂತ ಕ್ಯಾಥರೀನಳ ಹಬ್ಬ. ಹಳೇ ಗೋವೆಯ ದೊಡ್ಡ ಸೆ ಕೆಥೆಡ್ರಲ್ ಆ ಸಂತಳ ಹೆಸರಿನಲ್ಲಿರುವುದು ಆ ಗೆಲುವಿನ ಗುರುತಿಗಾಗಿಯೇ. ಏಷ್ಯಾದ ಒಂದು ದೊಡ್ಡ ವಸಾಹತಿನ ಸ್ಥಾಪನಾ ದಿನ ಅದು, ಸಲಹೆ ಕೊಟ್ಟವನು ಹೊನ್ನಾವರದವನು. ಸಲಹೆಗಾರನಿಗೆ ಸಿಕ್ಕಿದ್ದು ಅಲ್ಲಿನ ಸ್ಥಳೀಯರ ಮೇಲಿನ ಸ್ವಲ್ಪ ಕಾಲದ ಅಧಿಕಾರ. ಅದೂ ಬೇಗ ಕೈಬಿಟ್ಟಿತು. ತಾನು ಹಾಕಿದ ಲೆಕ್ಕ ತಲೆಕೆಳಗಾದ ಆಳುಗಳಲ್ಲಿ ಅವನು ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ.

ತಿಮೋಜನ ನಂತರ ಈ ಕರಾವಳಿಗೆ ನೆಮ್ಮದಿ ಸಿಗಲಿಲ್ಲ. 1542ರಲ್ಲಿ ಭಟ್ಕಳ ಸುಟ್ಟಿತು. ಮುಂದೆ, ಶರಾವತಿಯ ಮೇಲ್ಗಡೆ ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದ ಕಾಲ, ಪೋರ್ಚುಗೀಸರ ಬಾಯಲ್ಲಿ ಅವಳು ಮೆಣಸಿನ ರಾಣಿ. ಮೆಣಸು ಇಳಿದು ಬರುವ ಅಳಿವೆಯನ್ನು ಹಿಡಿಯದೆ ಮೆಣಸು ಹಿಡಿಯುವುದಾಗದು. 1569ರಲ್ಲಿ ಹೊನ್ನಾವರ ಬಿತ್ತು, ಅಲ್ಲಿ ಪೋರ್ಚುಗೀಸರ ಕೋಟೆ ಎದ್ದಿತು. ಎಂಬತ್ತಕ್ಕೂ ಹೆಚ್ಚು ವರ್ಷ ನಿಂತ ಆ ಠಾಣ್ಯವನ್ನು ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಎಬ್ಬಿಸಿ ಕಳಿಸಿದ್ದಾಯಿತು. ನ್ಯೂಜಿಲೆಂಡಿನ ಪ್ರಾಂತ್ಯಗಳು ಬದುಕಿದ್ದಕ್ಕಿಂತ ಹೆಚ್ಚು ಕಾಲ ಹೊನ್ನಾವರದ ಈ ವಸಾಹತು ಬದುಕಿತ್ತು ಎಂಬುದನ್ನು ಗಮನಿಸಿ. ಆದರೂ 1569ರ ಯಾವ ತಾರೀಖು ಎಂದು ಹೊನ್ನಾವರದ ಪೇಟೆಯಲ್ಲಿ ಕೇಳಿದರೆ ಜನ ನಿಮ್ಮನ್ನೇ ನೋಡುತ್ತಾರೆ.

ಉತ್ತರ ಇಲ್ಲೇ ಇದೆ ಎಂದು ನನಗನಿಸುತ್ತದೆ. ಅರೋರಾ ಹಡಗಿನಲ್ಲಿ ಬಂದವರು ಹೆಂಡತಿ ಮಕ್ಕಳೊಡನೆ, ನೇಗಿಲು ಬೀಜಗಳೊಡನೆ ಬಂದು ಅಲ್ಲೇ ಮಣ್ಣಾದರು. ಅವರ ಮರಿಮಕ್ಕಳು ಇಂದು ಅಲ್ಲಿ ಬಹುಸಂಖ್ಯಾತರು, ರಜೆಯ ಪಟ್ಟಿ ಬರೆಯುವವರು ಅವರೇ. ಹೊನ್ನಾವರಕ್ಕೆ ಬಂದವರು ಮೆಣಸಿಗೆ, ಅಕ್ಕಿಗೆ ಬಂದರು. ಗೋವೆಯ ಊಟಕ್ಕೆ ಬೇಕಾದ ಅಕ್ಕಿ ಹೋಗುತ್ತಿದ್ದದ್ದೇ ಈ ಬಂದರುಗಳಿಂದ. ಲಾಭ ನಿಂತಾಗ, ಇಲ್ಲವೇ ಪೆಟ್ಟು ಬಿದ್ದಾಗ, ಅವರು ಹಡಗು ಹತ್ತಿದರು. ಬಂದವನು ಮನೆಯವನಾದರೆ ಬಂದ ದಿನ ಹಬ್ಬವಾಗುತ್ತದೆ, ಗಿರಾಕಿಯಾಗಿ ಬಂದು ಹೋದವನ ತಾರೀಖನ್ನು ಯಾರು ಬರೆದಿಡುತ್ತಾರೆ?

ಇದಕ್ಕೊಂದು ತಕರಾರು ಏಳಬಹುದು. ಗೋವೆಯಲ್ಲಿ ಪೋರ್ಚುಗೀಸರು ನಾಲ್ಕೂವರೆ ಶತಮಾನ ನಿಂತರಲ್ಲ, ಮನೆ ಮಠ ಮಾಡಿಕೊಂಡರಲ್ಲ? ನಿಜ. ಅಲ್ಲಿ ಕತೆ ಬೇರೆ. ಗೋವೆಯ ಸ್ಥಾಪನೆಯ ನೆನಪನ್ನು ಇಟ್ಟುಕೊಂಡವರು ಬಂದವರಿಗಿಂತ ಹೆಚ್ಚಾಗಿ ಬಿಟ್ಟು ಹೊರಟವರು. 16ನೇ ಶತಮಾನದಲ್ಲಿ ದೇವಸ್ಥಾನಗಳು ಉರುಳತೊಡಗಿ, 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ಮಂಡಳಿ ಬಂದು ಕೂತ ಮೇಲೆ, ತಲೆಮಾರುಗಳ ಉದ್ದಕ್ಕೆ ಕೊಂಕಣಿ ಮಾತಿನ ಕುಟುಂಬಗಳು ದಕ್ಷಿಣಕ್ಕೆ ಇಳಿದವು. ಗೌಡ ಸಾರಸ್ವತರು, ದೈವಜ್ಞರು, ಇನ್ನೂ ಅನೇಕರು. ಕ್ರೈಸ್ತರಾದವರಲ್ಲೂ ಒಂದು ಪಾಲು ಇತ್ತ ಬಂದಿತು. ಅಂಕೋಲಾ, ಕುಮಟಾ, ಹಳದೀಪುರ, ಹೊನ್ನಾವರಗಳಲ್ಲಿ ಇಂದು ಕೊಂಕಣಿ ಕೇಳಿಸುವುದರ ಹಿಂದೆ ಈ ನಡಿಗೆಯ ಪಾಲು ದೊಡ್ಡದು. ಈ ಮನೆಗಳಲ್ಲಿ ಮದುವೆ, ಉಪನಯನಕ್ಕೆ ಮೊದಲು ಕುಲದೇವರಿಗೆ ಹೋಗಿ ಬರುತ್ತಾರೆ. ಕುಲದೇವರು ಇರುವುದು ಗೋವೆಯ ಫೋಂಡಾ ಸೀಮೆಯಲ್ಲಿ: ಮಂಗೇಶಿ, ಮ್ಹಾಳಸೆ, ಕವಳೆಯ ಶಾಂತಾದುರ್ಗೆ. ಆ ದೇವರುಗಳಿಗೂ ಅದು ಮೂಲಸ್ಥಾನವಲ್ಲ. ಮಂಗೇಶ ಮೊದಲಿದ್ದದ್ದು ಕುಶಸ್ಥಳಿಯಲ್ಲಿ, ಈಗಿನ ಕುಟ್ಠಾಳಿ. 1560ರಲ್ಲಿ ಭಕ್ತರು ಲಿಂಗವನ್ನು ನದಿ ದಾಟಿಸಿ ಪೋರ್ಚುಗೀಸರ ಕೈಗೆಟುಕದ ಪ್ರಿಯೋಳಕ್ಕೆ ಒಯ್ದರು. ದೇವರೂ ವಲಸೆ, ಭಕ್ತರೂ ವಲಸೆ. ಗೋವೆ ವಸಾಹತಾದದ್ದರ ನೆನಪು ಹೊನ್ನಾವರ ಸೀಮೆಯಲ್ಲಿ ಕ್ಯಾಲೆಂಡರಿನಲ್ಲಿಲ್ಲ. ಅದು ಮದುವೆಯ ಖರ್ಚಿನ ಪಟ್ಟಿಯಲ್ಲಿ, ಫೋಂಡಾಕ್ಕೆ ಹೋಗಿ ಬರುವ ಗಾಡಿಯ ಬಾಡಿಗೆಯಾಗಿ ಇದೆ.

ಒಂದು ಹಳ್ಳಿ, ಎರಡು ಯಜಮಾನ ಪಟ್ಟಣಗಳು

ಇಂಗ್ಲಿಷರ ಕತೆ ಇನ್ನೂ ವಿಚಿತ್ರ. ಮುಂಬಯಿ ದ್ವೀಪ ಪೋರ್ಚುಗಲ್ಲಿನ ರಾಜಕುಮಾರಿಯ ವರದಕ್ಷಿಣೆಯಾಗಿ ಎರಡನೇ ಚಾರ್ಲ್ಸನಿಗೆ ಹೋದದ್ದು ಎಲ್ಲರಿಗೂ ಗೊತ್ತು. 1662ರಲ್ಲಿ ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ನೂರಾರು ಸೈನಿಕರೊಂದಿಗೆ ಬಂದ. ಕಾಗದಪತ್ರ ಸರಿಯಿಲ್ಲ ಎಂದು ಪೋರ್ಚುಗೀಸರು ದ್ವೀಪ ಬಿಟ್ಟುಕೊಡಲಿಲ್ಲ. ಎಲ್ಲಿಯೂ ನೆಲೆ ಸಿಗದೆ ಆ ದಂಡು ಬಂದು ಇಳಿದದ್ದು ನಮ್ಮ ಅಂಜದೀವಿನಲ್ಲಿ. ಜ್ವರ, ಕೆಟ್ಟ ನೀರು, ಎರಡು ಮಳೆಗಾಲ. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ, ಅವನ ಹೆಚ್ಚಿನ ಸೈನಿಕರೂ ಸತ್ತರು. ಬದುಕಿ ಉಳಿದ ನೂರರ ಆಸುಪಾಸಿನ ಜನರನ್ನು ಕರೆದುಕೊಂಡು ಅವನ ಕಾರ್ಯದರ್ಶಿಯಾಗಿದ್ದ ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಮುಂಬಯಿಯನ್ನು ಕೈಗೆ ತೆಗೆದುಕೊಂಡ. ಬ್ರಿಟಿಷ್ ಮುಂಬಯಿಯನ್ನು ಕಟ್ಟಲು ಹೊರಟ ಮೊದಲ ದಂಡಿನ ಹೆಚ್ಚು ಪಾಲು ಕಾರವಾರದೆದುರಿನ ಮಣ್ಣಿನಲ್ಲಿದೆ. ಮುಂಬಯಿಯಲ್ಲಿ ಆ ದಿನಕ್ಕೆ ರಜೆ ಇಲ್ಲ.

ಮದರಾಸಿಗೆ ಮಾತ್ರ ಹುಟ್ಟುಹಬ್ಬ ಇದೆ. 1639ರ ಆಗಸ್ಟ್ 22ರಂದು ಕಂಪನಿಯವರಿಗೆ ಸಮುದ್ರ ದಂಡೆಯ ಒಂದು ಪಟ್ಟಿ ನೆಲ ಸಿಕ್ಕಿತು ಎಂಬ ಲೆಕ್ಕದಲ್ಲಿ, 2004ರಿಂದ ಚೆನ್ನೈಯ ಉತ್ಸಾಹಿಗಳು ಮದ್ರಾಸ್ ದಿನ ನಡೆಸುತ್ತಿದ್ದಾರೆ. ಊರು ಸುತ್ತುವುದು, ಹಳೇ ಕಟ್ಟಡ ತೋರಿಸುವುದು, ಭಾಷಣ, ತಿಂಡಿ. ತಾರೀಖು ಜುಲೈಯೋ ಆಗಸ್ಟೋ ಎಂಬ ಚರ್ಚೆಯೂ ಜೊತೆಗಿದೆ. ಸರ್ಕಾರಿ ರಜೆ ಅಲ್ಲ, ಊರ ಮೇಲಿನ ಪ್ರೀತಿ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ಮೈಲಾಪುರ, ತಿರುವಲ್ಲಿಕೇಣಿಗಳು ಕಂಪನಿಗಿಂತ ಎಷ್ಟೋ ಶತಮಾನ ಹಳೆಯವು ಎಂಬುದನ್ನು ಅದೇ ದಿನ ಹೇಳಿದರೆ ಸಾಕು. ಕೊಲ್ಕತ್ತದವರು ಇದನ್ನು ನ್ಯಾಯಾಲಯಕ್ಕೇ ಒಯ್ದರು. 1690ರ ಆಗಸ್ಟ್ 24ರಂದು ಜಾಬ್ ಚಾರ್ನಾಕ್ ಬಂದು ಇಳಿದದ್ದೇ ನಗರದ ಹುಟ್ಟು ಎಂದು ಶಾಲಾಪುಸ್ತಕಗಳು ಹೇಳುತ್ತಿದ್ದವು. 2003ರಲ್ಲಿ ಕಲ್ಕತ್ತ ಹೈಕೋರ್ಟು, ತಜ್ಞರ ಸಮಿತಿಯ ವರದಿ ನೋಡಿ, ಚಾರ್ನಾಕ್ ಸ್ಥಾಪಕನಲ್ಲ, ಈ ನಗರಕ್ಕೆ ಹುಟ್ಟಿದ ದಿನವೇ ಇಲ್ಲ ಎಂದು ತೀರ್ಪು ಕೊಟ್ಟಿತು.

ಮುಂಬಯಿ, ಮದರಾಸು ಎರಡೂ ಪಟ್ಟಣಗಳ ಮಾತು ಎತ್ತಿದ್ದು ಸುಮ್ಮನಲ್ಲ. ಕರ್ಕಿ ಎರಡಕ್ಕೂ ತೆರಿಗೆ ಕಟ್ಟಿದ ಊರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಗೆ ಸೇರಿತು, ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1801ರಲ್ಲಿ, ಕಂಪನಿಯ ಪರವಾಗಿ ನಾಡು ನೋಡಲು ಹೊರಟಿದ್ದ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲೇ ಹಾದು ಹೋಗಿ ಬೆಳೆ, ಜಾತಿ, ತೆರಿಗೆ ಎಲ್ಲ ಬರೆದುಕೊಂಡ. 1860ರಲ್ಲಿ ಕೆನರಾ ಉತ್ತರ, ದಕ್ಷಿಣ ಎಂದು ಎರಡಾಯಿತು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಕಿತ್ತು ಮುಂಬಯಿಗೆ ಕೊಟ್ಟರು. ಕಾರಣ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತ್ತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಿಂದ ಸಾಗಿಸಬೇಕು, ಬಂದರು ತಮ್ಮ ಆಡಳಿತದಲ್ಲಿರಬೇಕು ಎಂದು ಮುಂಬಯಿಯ ವ್ಯಾಪಾರಿಗಳು ಪಟ್ಟು ಹಿಡಿದರು. ಎರಡು ವರ್ಷ ಉತ್ತರ ಕೆನರಾದಲ್ಲಿದ್ದ ಕುಂದಾಪುರ ತಾಲ್ಲೂಕನ್ನು ತಿರುಗಿ ದಕ್ಷಿಣಕ್ಕೆ ಸೇರಿಸಿದರು.

ಹಾಕ್ಸ್ ಬೇ ಹಿಸ್ಸೆಯಾದ ನಾಲ್ಕೇ ವರ್ಷಕ್ಕೆ ನಮ್ಮ ಹಿಸ್ಸೆಯೂ ಆಯಿತು ಎಂದಾಯಿತು. ಒಂದೇ ವ್ಯತ್ಯಾಸ. ಹಾಕ್ಸ್ ಬೇಯ ಹಿಸ್ಸೆಯನ್ನು ಅಲ್ಲಿ ಕುರಿ ಮೇಯಿಸುತ್ತಿದ್ದ ವಲಸಿಗರೇ ಕೇಳಿ ಪಡೆದರು, ನಮ್ಮದನ್ನು ನಮ್ಮನ್ನು ಕೇಳದೆ ಮಾಡಿದರು.

ಭಟ್ಕಳ ದಾಟಿ ಶಿರೂರಿನ ಹತ್ತಿರ ಈಗ ಜಿಲ್ಲೆಯ ಗಡಿ ಇದೆ. ಬಸ್ಸಿನಲ್ಲಿ ಕೂತವರಿಗೆ ಅದು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. 1862ರಿಂದ 1956ರವರೆಗೆ, 94 ವರ್ಷ, ಆ ಗೆರೆ ಮುಂಬಯಿಯನ್ನೂ ಮದರಾಸನ್ನೂ ಬೇರೆ ಮಾಡಿತ್ತು. ಗೆರೆಯ ಈ ಕಡೆಯವನು ದೊಡ್ಡ ವ್ಯಾಜ್ಯಕ್ಕೆ ಮುಂಬಯಿಯ ಹೈಕೋರ್ಟಿಗೆ ಹೋಗಬೇಕು, ಆ ಕಡೆಯವನು ಮದರಾಸಿನದಕ್ಕೆ. ಓದಿದವನು ಕೆಲಸಕ್ಕೆ ಇಲ್ಲಿಂದ ಮುಂಬಯಿ ಹಡಗು ಹತ್ತುತ್ತಿದ್ದ. ಅಂಕೋಲೆಯ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಕಾರ್ಮಿಕರ ನಡುವೆ ಕೆಲಸ ಮಾಡುತ್ತಲೇ ಈ ಜಿಲ್ಲೆಗೆ ಶಾಲೆಗಳನ್ನು ತಂದದ್ದು ಇದೇ ನಕ್ಷೆಯ ಫಲ. ಗೆರೆಯ ಎರಡೂ ಬದಿಗೆ ಬಡಗುತಿಟ್ಟಿನ ಯಕ್ಷಗಾನವೇ ಇದ್ದರೂ ಹೊನ್ನಾವರದ ಕುಣಿತಕ್ಕೂ ಕುಂದಾಪುರದ ಕುಣಿತಕ್ಕೂ ಅವುಗಳದೇ ಬನಿ ಉಳಿಯಿತು. ಅದಕ್ಕೆ ಈ ಗೆರೆಯೊಂದೇ ಕಾರಣ ಎಂದರೆ ಅತಿಯಾದೀತು.

ಕರ್ಕಿಗೆ ಮರಾಠಿ ಸೀಮೆಯ ಸಂಪರ್ಕ 1862ಕ್ಕಿಂತ ಮೊದಲೂ ಇತ್ತು ಎಂಬುದನ್ನು ಇಲ್ಲಿ ಸೇರಿಸದೆ ಮುಂದೆ ಹೋಗಲಾರೆ. 1842ರಲ್ಲಿ ಉತ್ತರ ಕನ್ನಡದ ಒಂದು ಭಾಗವತ ಮೇಳ ಸಾಂಗಲಿಗೆ ಹೋಗಿ ಆಟ ಆಡಿತು. ಅದು ಕರ್ಕಿ ಮೇಳ ಎಂದು ನಮ್ಮ ಕಡೆಯ ರಂಗ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಆಟ ನೋಡಿದ ಸಾಂಗಲಿಯ ಅರಸು ಇಂಥದ್ದೊಂದು ಮರಾಠಿಯಲ್ಲಿ ಆಗಲಿ ಎಂದ, ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದ. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಆ ಪ್ರಯೋಗದಿಂದ ಎಣಿಸುತ್ತದೆ, ನವೆಂಬರ್ 5ರಂದು ಮಹಾರಾಷ್ಟ್ರದಲ್ಲಿ ರಂಗಭೂಮಿ ದಿನ ಆಚರಿಸುತ್ತಾರೆ. ಹಾಬ್ಸನ್ ತನ್ನ ಆಗಮನಕ್ಕೆ ಮೊದಲ ರಜೆ ಕೊಟ್ಟ ವರ್ಷವೂ 1842. ಈ ಎರಡು ಆಗಮನಗಳಲ್ಲಿ ಯಾವುದು ಹೆಚ್ಚು ಬೆಳೆ ಕೊಟ್ಟಿತು ಎಂದು ಕೇಳಿದರೆ ನಾನು ಕರ್ಕಿಯ ಪಕ್ಷ.

ರಜೆ ಕೊಟ್ಟದ್ದು ಮುಗಿದ ದಿನಕ್ಕೆ

ಭಾರತದಲ್ಲಿ ರಜೆ ಸಿಕ್ಕಿದ್ದು ವಸಾಹತು ಹುಟ್ಟಿದ್ದಕ್ಕಲ್ಲ, ಅದು ಮುಗಿದದ್ದಕ್ಕೆ. ನಮ್ಮ ನೆರೆಯ ಗೋವೆಯಲ್ಲಿ ಡಿಸೆಂಬರ್ 19 ವಿಮೋಚನೆಯ ರಜೆ. ಆ ದಿನದ ಕತೆಯಲ್ಲೂ ನಮ್ಮ ಕರಾವಳಿ ಇದೆ. 1961ರ ನವೆಂಬರಿನಲ್ಲಿ ಅಂಜದೀವಿನಿಂದ ಪೋರ್ಚುಗೀಸರು ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಮುಂದಿನ ತಿಂಗಳ ಕಾರ್ಯಾಚರಣೆಯಲ್ಲಿ ಆ ದ್ವೀಪವನ್ನು ಹಿಡಿಯುವಾಗ ಭಾರತೀಯ ನೌಕಾಪಡೆಯ ಏಳು ಜನ ಪ್ರಾಣ ಬಿಟ್ಟರು. 1505ರಲ್ಲಿ ಕೋಟೆ ಎದ್ದ ಕಡೆಯೇ 1961ರ ಗುಂಡೂ ಹಾರಿತು. ಇಂದು ಅದು ಸೀಬರ್ಡ್ ನೌಕಾನೆಲೆಯ ಆವರಣಕ್ಕೆ ಸೇರಿದೆ. ಪುದುಚೇರಿ, 1954ರಲ್ಲಿ ಫ್ರೆಂಚರು ಅಧಿಕಾರ ಬಿಟ್ಟುಕೊಟ್ಟ ದಿನವನ್ನು ವಿಮೋಚನಾ ದಿನವಾಗಿ ಆಚರಿಸಿ ರಜೆ ಕೊಡುತ್ತದೆ. ಆ ತಾರೀಖೂ ನವೆಂಬರ್ 1! ನಮ್ಮ ಕಲಬುರಗಿ ಕಡೆ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವ, 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದದ್ದಕ್ಕೆ. ಜಿಲ್ಲೆಗೆ ಸೀಮಿತವಾದ ರಜೆಯೂ ನಮ್ಮಲ್ಲಿ ಇಲ್ಲದಿಲ್ಲ. ಕೊಡಗಿಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಸ್ಥಳೀಯ ರಜೆ ಸಿಗುತ್ತದೆ. ಅವು ಕೋವಿ, ಕಾವೇರಿ, ಕದಿರಿನ ಹಬ್ಬಗಳು, ಯಾವ ಹಡಗಿನದ್ದೂ ಅಲ್ಲ.

ಇನ್ನು 1956. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಗೊತ್ತುಮಾಡಿದ ದಿನ ನವೆಂಬರ್ 1. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹೊಸ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಮುಂಬಯಿ ಕಡೆಯಿಂದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಬಂದವು. ಮದರಾಸಿನಿಂದ, ಕಾಸರಗೋಡನ್ನು ಕಳೆದುಕೊಂಡ ದಕ್ಷಿಣ ಕನ್ನಡ ಬಂದಿತು. ಶಿರೂರಿನ ಗೆರೆ ಅಂದು ರಾಜ್ಯದ ಗಡಿಯಾಗಿ ಉಳಿಯಲಿಲ್ಲ. 1973ರ ಅದೇ ದಿನ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಖಾಸಗಿ ಕಾರ್ಖಾನೆ, ಕಂಪನಿಗಳೂ ಅಂದು ಸಂಬಳ ಸಹಿತ ರಜೆ ಕೊಡಬೇಕು ಎಂದು ರಾಜ್ಯದ ಕಾನೂನೇ ಹೇಳುತ್ತದೆ. ನ್ಯೂಜಿಲೆಂಡಿನವರಂತೆ ನಾವು ಅದನ್ನು ಸೋಮವಾರಕ್ಕೆ ಸರಿಸುವುದಿಲ್ಲ. ಭಾನುವಾರ ಬಂದರೆ ಒಂದು ರಜೆ ಹೋಯಿತಲ್ಲ ಎಂದು ಗೊಣಗಿಕೊಂಡು ಭಾನುವಾರವೇ ಧ್ವಜ ಏರಿಸುತ್ತೇವೆ. ನನ್ನ ಮಟ್ಟಿಗೆ ಇದೇ ಸರಿ. ತಾರೀಖನ್ನು ಬಿಟ್ಟುಕೊಟ್ಟ ಹಬ್ಬ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಕ್ರೈಸ್ಟ್‌ಚರ್ಚಿನ ಕೃಷಿ ಮೇಳ ತೋರಿಸಿದೆ.

ಆದರೆ ತಾರೀಖು ಉಳಿಸಿಕೊಂಡ ನಾವು ಅದರೊಳಗಿನ ಕತೆಯನ್ನು ಉಳಿಸಿಕೊಂಡಿದ್ದೇವೆಯೇ? ರಾಜ್ಯೋತ್ಸವದ ಬೆಳಿಗ್ಗೆ ನಮ್ಮ ಕಡೆಯ ಶಾಲೆಗಳಲ್ಲಿ ಕೇಳಿಸುವ ಭಾಷಣ ಕದಂಬರಿಂದ ಹೊರಟು, ಪುಲಕೇಶಿಯನ್ನು ಹಾದು, ಕೃಷ್ಣದೇವರಾಯನಲ್ಲಿ ಮುಗಿಯುತ್ತದೆ. ಸಿದ್ದಾಪುರದ ಭುವನಗಿರಿಯಲ್ಲಿರುವ ಭುವನೇಶ್ವರಿಯ ಗುಡಿ ಒಂದೊಂದು ಸಲ ನೆನಪಾಗುತ್ತದೆ. ಆ ಮಕ್ಕಳ ಮುತ್ತಜ್ಜ ಯಾವ ಪಟ್ಟಣಕ್ಕೆ ತೆರಿಗೆ ಕಟ್ಟುತ್ತಿದ್ದ, ಯಾವ ಹೈಕೋರ್ಟಿಗೆ ಅಲೆಯುತ್ತಿದ್ದ, ಪಕ್ಕದ ತಾಲ್ಲೂಕು ಅವನಿಗೆ ಯಾಕೆ ಬೇರೆ ಪ್ರಾಂತ್ಯವಾಗಿತ್ತು ಎಂಬುದು ಆ ಭಾಷಣದಲ್ಲಿ ಬರುವುದಿಲ್ಲ. ತಿಮೋಜನಂತೂ ಬರುವುದೇ ಇಲ್ಲ, ಅವನನ್ನು ಯಾವ ಬದಿಗೆ ನಿಲ್ಲಿಸಬೇಕು ಎಂದು ಭಾಷಣಕಾರರಿಗೆ ಗೊತ್ತಾಗುವುದಿಲ್ಲ.

ಹೊನ್ನಾವರದ 1569ಕ್ಕೆ, 1862ಕ್ಕೆ ರಜೆ ಕೊಡಿ ಎಂದು ಯಾರೂ ಕೇಳಬೇಕಾಗಿಲ್ಲ. ಈ ಸಲ ನವೆಂಬರ್ 1ರಂದು ಕರ್ಕಿ, ಹಳದೀಪುರ, ಹೊನ್ನಾವರದ ಶಾಲೆಗಳಲ್ಲಿ ಮೈಕು ಹಿಡಿಯುವ ಮಾಸ್ತರರು, ಅಕ್ಕೋರುಗಳು ಪುಲಕೇಶಿಯ ಐದು ನಿಮಿಷ ಕಡಿಮೆ ಮಾಡಿ ಅದನ್ನು ಶಿರೂರಿನ ಗೆರೆಗೆ ಕೊಡಲಿ. ಆಮೇಲೆ ಮಕ್ಕಳಿಗೆ ಮನೆಗೆ ಹೋಗಿ ಹಳೇ ಟ್ರಂಕಿನಲ್ಲಿರುವ ಕಾಗದಪತ್ರಗಳನ್ನು ತೆಗೆದು ನೋಡಲು ಹೇಳಲಿ. ಮುಂಬಯಿ ಸರ್ಕಾರದ ಮೊಹರು ಇರುವ ಪಹಣಿಯೋ ದಸ್ತಾವೇಜೋ ಅನೇಕ ಮನೆಗಳಲ್ಲಿ ಇನ್ನೂ ಇವೆ. ಗೆದ್ದಲು ತಿನ್ನುವುದಕ್ಕೆ ಮೊದಲು ಅವುಗಳ ಫೋಟೊ ತೆಗೆದಿಡಿ.